ಹಗೇವು ತುಂಬಿದ ಮೇಲೆ: ಅತಿಪೋಷಣೆ ಮತ್ತು ಯಕೃತ್ತು

ಭೀಮಾ, ಕೃಷ್ಣಾ ನದಿಗಳ ನೆರೆಯಲ್ಲಿ ಹರಡಿರುವ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯು ಬಹುಕಾಲದಿಂದ ಜೋಳದ ಸೀಮೆಯೆಂದು ಹೆಸರಾದುದು. ಕರಿಯ ಎರೆಭೂಮಿ, ನೆಚ್ಚಲಾಗದ ಮಳೆ. ಒಂದು ವರ್ಷ ಕೈತುಂಬ ಬೆಳೆ ಬಂದರೆ ಮರುವರ್ಷ ಬಿತ್ತಿದ ಬೀಜವೂ ಮರಳಿ ಬಾರದು. 1876ರಿಂದ 1878ರವರೆಗೆ ದಖ್ಖಣವನ್ನು ಕಾಡಿದ ಮಹಾಕ್ಷಾಮವು ಅಂದಿನ ನಿಜಾಮ ಸಂಸ್ಥಾನವನ್ನೂ ಬಿಡಲಿಲ್ಲ. ಇಂತಹ ನೆಲದಲ್ಲಿ ಬಾಳುವ ರೈತನು ಒಂದು ಜಾಣತನವನ್ನು ಕಲಿತಿದ್ದನು. ಸುಗ್ಗಿಯಲ್ಲಿ ಮಿಕ್ಕ ಜೋಳವನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ, ಬಾಯಿಯನ್ನು ಕಲ್ಲುಮಣ್ಣುಗಳಿಂದ ಮುಚ್ಚಿ, ಬರದ ವರ್ಷಕ್ಕೆಂದು ಕಾದಿಡುತ್ತಿದ್ದನು.

ನಮ್ಮ ಶರೀರವೂ ಇದೇ ಜಾಣತನವನ್ನು ಕಲಿತಿದೆ. ಉಂಡ ಅನ್ನದಲ್ಲಿ ಮಿಕ್ಕುದನ್ನು ಅದು ಹೊರಗೆ ಚೆಲ್ಲುವುದಿಲ್ಲ. ಕೊಬ್ಬಿನ ರೂಪದಲ್ಲಿ ಕಾದಿಡುತ್ತದೆ. ಸಹಸ್ರಾರು ವರ್ಷಗಳ ಕಾಲ ಮನುಷ್ಯನನ್ನು ಹಸಿವಿನಿಂದ ಉಳಿಸಿದ ಗುಣವಿದು. ಆದರೆ ಹಗೇವು ತುಂಬಿದ ಮೇಲೂ ಸುಗ್ಗಿ ನಿಲ್ಲದಿದ್ದರೆ ಏನಾಗುವುದು? ಪ್ರತಿದಿನವೂ ಸುಗ್ಗಿಯೇ ಆಗಿ, ಬರದ ದಿನ ಒಂದೂ ಬಾರದಿದ್ದರೆ ಆ ಧಾನ್ಯವನ್ನು ಎಲ್ಲಿ ಒಟ್ಟುವುದು? ಶರೀರದ ಮಟ್ಟಿಗೆ ಈ ಪ್ರಶ್ನೆಯ ಉತ್ತರವು ಯಕೃತ್ತಿನಲ್ಲಿ ದೊರೆಯುತ್ತದೆ. ಆ ಉತ್ತರ ಸಂತೋಷಕರವಾದುದಲ್ಲ. ಆದರೆ ಅರಿತವನಿಗೆ ಭಯಕ್ಕೂ ಕಾರಣವಿಲ್ಲ.

ಯಕೃತ್ತಿನ ಕೆಲಸ

ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ, ವಪೆಯ ಕೆಳಗೆ, ಕಂದುಗೆಂಪು ಬಣ್ಣದ ಒಂದು ದೊಡ್ಡ ಅಂಗವಿದೆ. ಮಾಂಸದಂಗಡಿಯಲ್ಲಿ ಇದನ್ನೇ ಕಲೇಜಿ ಎನ್ನುವರು. ಪಿತ್ತರಸವನ್ನು ಸ್ರವಿಸುವುದರಿಂದ ಇದಕ್ಕೆ ಪಿತ್ತಜನಕಾಂಗವೆಂಬ ಹೆಸರೂ ಉಂಟು. ವಯಸ್ಕರಲ್ಲಿ ಇದರ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಶರೀರದ ಒಳ ಅಂಗಗಳಲ್ಲೆಲ್ಲ ಇದೇ ದೊಡ್ಡದು.

ಪ್ರತಿ ನಿಮಿಷವೂ ಸುಮಾರು ಒಂದೂವರೆ ಲೀಟರ್ ರಕ್ತವು ಯಕೃತ್ತಿನ ಮೂಲಕ ಹರಿಯುತ್ತದೆ. ಇದರಲ್ಲಿ ಮುಕ್ಕಾಲು ಪಾಲು ಹೃದಯದಿಂದ ನೇರವಾಗಿ ಬಂದುದಲ್ಲ. ಜಠರ, ಕರುಳುಗಳಲ್ಲಿ ಹರಿದು, ಜೀರ್ಣವಾದ ಆಹಾರದ ಸಾರವನ್ನು ಹೊತ್ತ ರಕ್ತವು ಒಂದು ವಿಶೇಷ ನಾಳದ ಮೂಲಕ ಮೊದಲು ಇಲ್ಲಿಗೇ ಬರುವುದು. ಅಂದರೆ ನಾವು ಉಂಡ ರೊಟ್ಟಿ, ಅನ್ನ, ಸಕ್ಕರೆಗಳ ಸಾರವು ಉಳಿದ ಅಂಗಗಳಿಗೆ ಹಂಚಿಹೋಗುವ ಮುನ್ನ ಯಕೃತ್ತಿನ ಕೈಯಿಂದ ದಾಟಿಯೇ ಹೋಗಬೇಕು. ಮನೆಗೆ ಬಂದ ಧಾನ್ಯವನ್ನು ಅಳೆದು, ಇಂದಿಗೆ ಇಷ್ಟು, ನಾಳೆಗೆ ಇಷ್ಟು, ಹಗೇವಿಗೆ ಇಷ್ಟು ಎಂದು ವಿಂಗಡಿಸುವ ಮನೆಯೊಡತಿಯ ಸ್ಥಾನ ಇದರದು.

ಯಕೃತ್ತಿನ ಈ ಕೆಲಸವನ್ನು ಮೊದಲು ಕಂಡುಕೊಂಡವನು ಫ್ರೆಂಚ್ ಶರೀರಶಾಸ್ತ್ರಜ್ಞ ಕ್ಲಾಡ್ ಬರ್ನಾರ್ಡ್. ಸಕ್ಕರೆಯೇ ಇಲ್ಲದ ಆಹಾರವನ್ನು ತಿಂದ ಪ್ರಾಣಿಯ ಯಕೃತ್ತಿನಿಂದ ಹೊರಬರುವ ರಕ್ತದಲ್ಲಿಯೂ ಸಕ್ಕರೆ ಇರುವುದನ್ನು 1848ರಲ್ಲಿ ಅವನು ಗುರುತಿಸಿದನು. ಯಕೃತ್ತು ತಾನೇ ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆಯೆಂಬುದು ಆ ಕಾಲಕ್ಕೆ ಯಾರೂ ನಿರೀಕ್ಷಿಸದ ಸಂಗತಿ. ಆ ಸಕ್ಕರೆಗೆ ಮೂಲವಾದ ಗ್ಲೈಕೋಜನ್ ಎಂಬ ಪಿಷ್ಟಸದೃಶ ವಸ್ತುವನ್ನು 1857ರಲ್ಲಿ ಅವನೇ ಬೇರ್ಪಡಿಸಿ ತೋರಿಸಿದನು. ಊಟವಾದ ಕೂಡಲೆ ಯಕೃತ್ತು ಗ್ಲೂಕೋಸನ್ನು ಗ್ಲೈಕೋಜನ್ ಆಗಿ ಕಟ್ಟಿಡುವುದು. ಹಸಿದಾಗ ಅದನ್ನೇ ಬಿಚ್ಚಿ ರಕ್ತಕ್ಕೆ ಕೊಡುವುದು. ರಾತ್ರಿಯಿಡೀ ನಾವು ಉಪವಾಸ ಮಲಗಿದ್ದರೂ ಮೆದುಳಿಗೆ ಸಕ್ಕರೆ ತಪ್ಪದಿರುವುದು ಇದರಿಂದಲೇ.

ಆದರೆ ಗ್ಲೈಕೋಜನ್ ಎಂಬುದು ಅಡುಗೆಮನೆಯ ಗಡಿಗೆಯಿದ್ದಂತೆ. ಯಕೃತ್ತಿನಲ್ಲಿ ಹಿಡಿಯುವುದು ಸುಮಾರು 100 ಗ್ರಾಂ ಮಾತ್ರ. ಸ್ನಾಯುಗಳೆಲ್ಲವೂ ಸೇರಿ ಇನ್ನು ಸುಮಾರು 400 ಗ್ರಾಂ. ಗಡಿಗೆ ತುಂಬಿದ ಮೇಲೆ ಬಂದ ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸಿ, ಪ್ರೋಟೀನಿನ ಹೊದಿಕೆಯಲ್ಲಿ ಕಟ್ಟಿ, ರಕ್ತದ ಮೂಲಕ ಚರ್ಮದಡಿಯ ಮೇದಸ್ಸಿಗೆ ಸಾಗಿಸುವುದು. ಆ ಮೇದಸ್ಸೇ ಶರೀರದ ನಿಜವಾದ ಹಗೇವು.

ಎಣ್ಣೆ ತಿನ್ನದವನಲ್ಲಿ ಕೊಬ್ಬು ಎಲ್ಲಿಂದ?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಎಣ್ಣೆ, ತುಪ್ಪ, ಮಾಂಸಗಳನ್ನು ತಿಂದರೆ ಮಾತ್ರ ಕೊಬ್ಬು ಬೆಳೆಯುವುದೆಂದು ಹಲವರು ಎಣಿಸಿರುವರು. ಇದು ಸರಿಯಲ್ಲವೆಂಬುದನ್ನು ಹೆಬ್ಬಾತು ಸಾಕುವವರು ವಿಜ್ಞಾನಿಗಳಿಗಿಂತ ಬಹಳ ಮೊದಲೇ ಅರಿತಿದ್ದರು. ಪ್ರಾಚೀನ ಈಜಿಪ್ಟಿನವರು ಹೆಬ್ಬಾತುಗಳಿಗೆ ಧಾನ್ಯವನ್ನು ಬಲವಂತವಾಗಿ ತಿನ್ನಿಸಿ ಕೊಬ್ಬಿಸುತ್ತಿದ್ದರು; ರೋಮನರು ಅಂಜೂರದ ಹಣ್ಣನ್ನು ತಿನ್ನಿಸುತ್ತಿದ್ದರು. ಇಟಾಲಿಯನ್ ಭಾಷೆಯಲ್ಲಿ ಯಕೃತ್ತಿಗಿರುವ ಹೆಸರು ಇಂದಿಗೂ ಅಂಜೂರದ ಹೆಸರಿನಿಂದಲೇ ಹುಟ್ಟಿದುದು. ಫ್ರಾನ್ಸಿನಲ್ಲಿ ಈ ಕೆಲಸಕ್ಕೆ ಮೆಕ್ಕೆಜೋಳವನ್ನು ಬಳಸುವರು. ಕೆಲವೇ ವಾರಗಳಲ್ಲಿ ಪಕ್ಷಿಯ ಯಕೃತ್ತು ಹಲವು ಪಟ್ಟು ಹಿಗ್ಗಿ, ಬೆಣ್ಣೆಯಂತೆ ಮಸುಕು ಹಳದಿಯಾಗುವುದು. ಪಕ್ಷಿಯು ತಿಂದದ್ದು ಪಿಷ್ಟ. ಯಕೃತ್ತಿನಲ್ಲಿ ತುಂಬಿದ್ದು ಕೊಬ್ಬು.

ಮನುಷ್ಯನ ಯಕೃತ್ತಿನಲ್ಲಿಯೂ ಸ್ವಲ್ಪ ಕೊಬ್ಬು ಇರುವುದು ಸಹಜ. ಅದು ನೂರಕ್ಕೆ ಐದರ ಮಿತಿಯನ್ನು ಮೀರಿದರೆ ಮೇದೋಯಕೃತ್ತು ಎನ್ನುವರು. ಈ ಕೊಬ್ಬು ಬರುವುದೆಲ್ಲಿಂದ? ಇಂತಹ ರೋಗಿಗಳನ್ನು ಕುರಿತು ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇದಕ್ಕೆ ಲೆಕ್ಕ ಕೊಟ್ಟಿತು. ಯಕೃತ್ತಿನ ಕೊಬ್ಬಿನಲ್ಲಿ ನೂರಕ್ಕೆ ಸುಮಾರು 59 ಭಾಗ ಶರೀರದ ಮೇದಸ್ಸಿನಿಂದ ಸೋರಿ ಬಂದ ಕೊಬ್ಬು. 26 ಭಾಗ ಯಕೃತ್ತು ತಾನೇ ಸಕ್ಕರೆ ಪಿಷ್ಟಗಳಿಂದ ತಯಾರಿಸಿದುದು. ಊಟದ ಎಣ್ಣೆ ತುಪ್ಪಗಳಿಂದ ನೇರವಾಗಿ ಬಂದುದು ಕೇವಲ 15 ಭಾಗ.

ಪಿಷ್ಟಗಳಲ್ಲಿ ಸಕ್ಕರೆಗೆ ಒಂದು ವಿಶೇಷ ದೋಷವಿದೆ. ಸಕ್ಕರೆಯ ಪ್ರತಿಯೊಂದು ಅಣುವೂ ಅರ್ಧ ಗ್ಲೂಕೋಸು, ಅರ್ಧ ಫ್ರಕ್ಟೋಸು. ಗ್ಲೂಕೋಸನ್ನು ಶರೀರದ ಎಲ್ಲ ಜೀವಕೋಶಗಳೂ ಉರಿಸಬಲ್ಲವು. ಫ್ರಕ್ಟೋಸಿನ ಭಾರವಾದರೋ ಬಹುಮಟ್ಟಿಗೆ ಯಕೃತ್ತಿನ ಮೇಲೆಯೇ ಬೀಳುವುದು. ಅದು ಬೇಗ ಕೊಬ್ಬಾಗಿ ಮಾರ್ಪಡುವುದು. ಹಣ್ಣನ್ನು ಅಗಿದು ತಿಂದಾಗ ಫ್ರಕ್ಟೋಸು ನಾರಿನೊಡನೆ ಸ್ವಲ್ಪ ಸ್ವಲ್ಪವಾಗಿ ಬರುವುದರಿಂದ ಅಷ್ಟು ಕೇಡಿಲ್ಲ. ಸಿಹಿ ಪಾನೀಯದಲ್ಲಿ ಅದು ಒಮ್ಮೆಗೇ ಪ್ರವಾಹದಂತೆ ಬರುವುದು.

ಆಯವ್ಯಯದ ಲೆಕ್ಕ

ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಮಾಡಲು ಬೇಕಾಗುವ ಶಾಖವನ್ನು ಆಹಾರಶಾಸ್ತ್ರದಲ್ಲಿ ಒಂದು ಕ್ಯಾಲೊರಿ ಎಂದು ಎಣಿಸುವರು. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಿಂದ ಸುಮಾರು 4, ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ ದೊರೆಯುವುವು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ, ಕುಳಿತು ಕೆಲಸಮಾಡುವ ಗಂಡಸಿಗೆ ದಿನಕ್ಕೆ 2110 ಕ್ಯಾಲೊರಿ ಸಾಕು. ಮೈಮುರಿದು ದುಡಿಯುವವನಿಗೆ 3470 ಬೇಕು. ಹೆಂಗಸರಿಗೆ ಇವೇ ಸಂಖ್ಯೆಗಳು ಕ್ರಮವಾಗಿ 1660 ಮತ್ತು 2720. ಎರಡಕ್ಕೂ ನಡುವಣ ಅಂತರವನ್ನು ಗಮನಿಸಿರಿ. ಕುಂಟೆ ಹೊಡೆದು, ರಾಶಿ ಮಾಡಿ, ಹೊರೆ ಹೊತ್ತು ಬಾಳಿದವನು ಅಂಗಡಿಯ ಗಲ್ಲೆಯ ಮುಂದೆ ಕುಳಿತೊಡನೆ ಅವನ ಶರೀರದ ಖರ್ಚು ದಿನಕ್ಕೆ 1360 ಕ್ಯಾಲೊರಿಗಳಷ್ಟು ಇಳಿಯುವುದು. ಆದರೆ ಹಸಿವೆಯ ರೂಢಿ ಅಷ್ಟು ಬೇಗ ಇಳಿಯದು. ಅಂತರದ ಹತ್ತನೆಯ ಒಂದು ಪಾಲು, ಅಂದರೆ 136 ಕ್ಯಾಲೊರಿ ಮಾತ್ರ, ಪ್ರತಿದಿನ ಮಿಕ್ಕಿತೆನ್ನೋಣ. ವರ್ಷಕ್ಕೆ ಸುಮಾರು 49,600 ಕ್ಯಾಲೊರಿಯಾಯಿತು. ಒಂದು ಕಿಲೋಗ್ರಾಂ ಮೇದಸ್ಸಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುವುದರಿಂದ, ಇದು ಆರು ಕಿಲೋಗ್ರಾಮಿಗೂ ಮಿಕ್ಕಿದ ಮೇದಸ್ಸಿಗೆ ಸಮ. ಶರೀರ ಭಾರವಾದಂತೆ ಅದರ ಖರ್ಚೂ ಹೆಚ್ಚುವುದರಿಂದ ವಾಸ್ತವದಲ್ಲಿ ತೂಕ ಇಷ್ಟು ಏರುವುದಿಲ್ಲ. ಆದರೂ ಏರುವ ದಿಕ್ಕು ಇದೇ.

ನಮ್ಮ ಸೀಮೆಯಲ್ಲಿ ಈ ಆಯವ್ಯಯದ ಎರಡು ಬದಿಗಳೂ ಒಂದೇ ತಲೆಮಾರಿನಲ್ಲಿ ಬದಲಾಗಿವೆ. 1964ರಲ್ಲಿ ಆರಂಭವಾದ ಕೃಷ್ಣಾ ಮೇಲ್ದಂಡೆ ಯೋಜನೆಯಿಂದ, ನಾರಾಯಣಪುರದ ಬಸವಸಾಗರದ ನೀರು ಕಾಲುವೆಗಳಲ್ಲಿ ಹರಿದು ಸುರಪುರ, ಶಹಾಪುರಗಳ ಜೋಳದ ಹೊಲಗಳು ಭತ್ತದ ಗದ್ದೆಗಳಾದುವು. ಎತ್ತಿನ ಗಳೆಯ ಕೆಲಸವನ್ನು ಟ್ರ್ಯಾಕ್ಟರ್ ಮಾಡುತ್ತದೆ. ಕೊಯ್ಲಿಗೆ ಯಂತ್ರ ಬರುತ್ತದೆ. ಹೊಲಕ್ಕೆ ನಡೆದು ಹೋಗುತ್ತಿದ್ದವರು ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಾರೆ. ಇವೆಲ್ಲ ಒಳ್ಳೆಯವೇ. ನೀರು ಬಂದುದನ್ನೂ ಬೆನ್ನಿನ ಭಾರ ಇಳಿದುದನ್ನೂ ಯಾರೂ ಹಳಿಯಲಾರರು. ಆದರೆ ಖರ್ಚು ಇಳಿದ ಕಾಲದಲ್ಲಿಯೇ ಆದಾಯವೂ ಏರಿತೆಂಬುದನ್ನು ಕಾಣಬೇಕು.

ತಟ್ಟೆಯಲ್ಲಿ ರೊಟ್ಟಿಯ ಜಾಗವನ್ನು ಅನ್ನ ಹಿಡಿಯುತ್ತಿದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು ಇವೆ; ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಪ್ರೋಟೀನು ಸುಮಾರು 8 ಗ್ರಾಂ, ನಾರು 3 ಗ್ರಾಮಿಗೂ ಕಡಿಮೆ. ಕ್ಯಾಲೊರಿಗಳಲ್ಲಿ ಎರಡಕ್ಕೂ ಹೆಚ್ಚು ಭೇದವಿಲ್ಲ. ಆದರೆ ನಾರಿನಿಂದ ಕೂಡಿದ ರೊಟ್ಟಿಯನ್ನು ಅಗಿಯಬೇಕು. ಬೇಗ ಹೊಟ್ಟೆ ತುಂಬಿತೆನಿಸುವುದು. ಮೆತ್ತನೆಯ ಅನ್ನವು ಸಲೀಸಾಗಿ ಇಳಿದು, ಎಷ್ಟು ಉಂಡೆವೆಂಬುದೇ ತಿಳಿಯದು. ಇನ್ನು ಎರಡು ಚಮಚೆ, ಎಂದರೆ ಹತ್ತು ಗ್ರಾಂ ಸಕ್ಕರೆ ಹಾಕಿದ ಚಹವನ್ನು ದಿನಕ್ಕೆ ಐದು ಸಲ ಕುಡಿದರೆ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ವಿಶ್ವ ಆರೋಗ್ಯ ಸಂಸ್ಥೆಯು ಸಾಧಾರಣ ಆಹಾರವುಳ್ಳ ವಯಸ್ಕನಿಗೆ ಇಡೀ ದಿನಕ್ಕೆ ವಿಧಿಸಿರುವ ಗರಿಷ್ಠ ಮಿತಿಯೇ ಸುಮಾರು 50 ಗ್ರಾಂ. 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದೆಂದು ಅದು ಹೇಳುತ್ತದೆ. ಬೆಳಗಿನ ಮಂಡಾಳ ಒಗ್ಗರಣೆಯ ಜೊತೆಯ ಮಿರ್ಚಿ ಭಜಿಯೊಳಗೆ ಇಂಗಿದ ಎಣ್ಣೆಯು ಈ ಲೆಕ್ಕಕ್ಕೆ ಇನ್ನೂ ಸೇರಿಲ್ಲ.

ಹಗೇವಿನಿಂದ ಸೋರಿದ ಕೊಬ್ಬು

ಮೇದಸ್ಸಿನ ಜೀವಕೋಶಗಳು ಹಿಗ್ಗಬಲ್ಲವು. ಆದರೆ ಅವುಗಳಿಗೂ ಮಿತಿಯುಂಟು. ಮಿತಿ ಮೀರಿದಾಗ ಅವು ಇನ್ಸುಲಿನ್ ಎಂಬ ಹಾರ್ಮೋನಿನ ಆಜ್ಞೆಯನ್ನು ಸರಿಯಾಗಿ ಪಾಲಿಸುವುದಿಲ್ಲ. ‘ಕೊಬ್ಬನ್ನು ಒಳಗೆ ಇಟ್ಟುಕೊ, ಹೊರಗೆ ಬಿಡಬೇಡ’ ಎಂಬುದೇ ಆ ಆಜ್ಞೆ. ಅದು ನಡೆಯದೆ ಹೋದಾಗ ಕೊಬ್ಬು ಹಗಲಿರುಳೂ ರಕ್ತಕ್ಕೆ ಸೋರತೊಡಗುವುದು. ಸ್ನಾಯುಗಳೂ ಇನ್ಸುಲಿನ್ನಿನ ಮಾತನ್ನು ಕೇಳದೆ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳಲು ಹಿಂಜರಿಯುವುವು. ಮೇದೋಜೀರಕಗ್ರಂಥಿಯು ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುವುದು. ಈ ಹೆಚ್ಚಾದ ಇನ್ಸುಲಿನ್ ಯಕೃತ್ತಿಗೆ ‘ಕೊಬ್ಬನ್ನು ತಯಾರಿಸು’ ಎನ್ನುವುದು; ಯಕೃತ್ತು ಆ ಮಾತನ್ನು ಮಾತ್ರ ಚಾಚೂ ತಪ್ಪದೆ ನಡೆಸುವುದು. ಹೀಗೆ ಸೋರಿ ಬಂದ ಕೊಬ್ಬು ಒಂದು ಕಡೆಯಿಂದ, ತಾನೇ ತಯಾರಿಸಿದ ಕೊಬ್ಬು ಇನ್ನೊಂದು ಕಡೆಯಿಂದ ಸೇರಿ, ಸಾಗಿಸುವ ಶಕ್ತಿಗೆ ಮೀರಿ ಯಕೃತ್ತಿನ ಜೀವಕೋಶಗಳಲ್ಲಿಯೇ ಹನಿಹನಿಯಾಗಿ ನಿಲ್ಲುವುದು. ಹಗೇವು ತುಂಬಿ, ಚೀಲಗಳನ್ನು ಅಡುಗೆಮನೆಯಲ್ಲಿ ಒಟ್ಟಿದಂತೆ ಇದು. ಒಡತಿಗೆ ಕಾಲಿಡಲೂ ಎಡೆಯಿಲ್ಲ.

ಇದಕ್ಕೆ ಬಹಳ ವರ್ಷಗಳು ಬೇಕೆಂದೂ ಭಾವಿಸಬಾರದು. ಸ್ವೀಡನ್ನಿನ ಲಿಂಶೋಪಿಂಗ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತರಾದ 18 ಮಂದಿ ತರುಣ ತರುಣಿಯರು ನಾಲ್ಕು ವಾರಗಳ ಕಾಲ ದಿನಕ್ಕೆ ಎರಡು ಸಲ ದಿಢೀರ್ ತಿನಿಸುಗಳನ್ನು ತಿಂದು, ನಡಿಗೆಯನ್ನೂ ಕಡಿಮೆಮಾಡಿದರು. ಅವರ ತೂಕ ಸರಾಸರಿ 6.4 ಕಿಲೋಗ್ರಾಂ ಏರಿತು. ಯಕೃತ್ತಿನ ಜೀವಕೋಶಗಳು ಗಾಸಿಯಾದಾಗ ರಕ್ತಕ್ಕೆ ಸೋರುವ ಒಂದು ಕಿಣ್ವದ ಪ್ರಮಾಣ 22 ಇದ್ದುದು ಸರಾಸರಿ 97ರವರೆಗೆ ಏರಿತು. 2008ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಯಾರೂ ಮದ್ಯವನ್ನು ದೂರಲಾಗಲಿಲ್ಲ. ಗಾಸಿಗೆ ಕಾರಣ ಆಹಾರವೇ ಆಗಿತ್ತು.

ತೆಳ್ಳಗಿನವರಿಗೆ ಭಯವಿಲ್ಲವೇ?

‘ಇದು ಬೊಜ್ಜು ಬೆಳೆದ ಸಿರಿವಂತರ ರೋಗ, ನಮ್ಮಂತಹ ಬಡ ಸೀಮೆಗೇನು?’ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇಂತಹ ಕಡೆ ಅತಿಪೋಷಣೆಯ ಮಾತು ಅಣಕದಂತೆ ತೋರುವುದು ಸಹಜ.

ಆದರೆ ವಿಜ್ಞಾನವು ಕಂಡಿರುವ ಸತ್ಯ ಬೇರೆ ಬಗೆಯದು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಬಡ ಹಳ್ಳಿಗಳಲ್ಲಿ 1,911 ವಯಸ್ಕರನ್ನು ಪರೀಕ್ಷಿಸಿದ ವರದಿ 2010ರಲ್ಲಿ ಪ್ರಕಟವಾಯಿತು. ನೂರಕ್ಕೆ 8.7 ಮಂದಿಗೆ ಮದ್ಯದ ಸಂಬಂಧವಿಲ್ಲದ ಮೇದೋಯಕೃತ್ತು ಇದ್ದಿತು. ಅವರಲ್ಲಿ ಅರ್ಧಕ್ಕೂ ಹೆಚ್ಚಿನವರು ತೂಕದಲ್ಲಾಗಲಿ ಹೊಟ್ಟೆಯ ಸುತ್ತಳತೆಯಲ್ಲಾಗಲಿ ಸ್ಥೂಲರಾಗಿರಲಿಲ್ಲ! ಇಡೀ ಭಾರತದ ಹಲವು ಅಧ್ಯಯನಗಳನ್ನು ಕೂಡಿಸಿ 2022ರಲ್ಲಿ ಮಾಡಿದ ಗಣನೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು 38 ಮಂದಿಗೆ ಈ ಸ್ಥಿತಿ ಇದ್ದುದು ಕಂಡುಬಂದಿತು.

ಇದಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ತಾಯಿಯ ಗರ್ಭದವರೆಗೆ ಹೋಗಬೇಕಾಗುವುದು. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಶಿಶುಗಳ ಸರಾಸರಿ ತೂಕ 2.7 ಕಿಲೋಗ್ರಾಂ, ಇಂಗ್ಲೆಂಡಿನ ಸೌತ್‌ಹ್ಯಾಂಪ್ಟನ್ನಿನ ಶಿಶುಗಳದು 3.5 ಕಿಲೋಗ್ರಾಂ ಎಂದು 2003ರಲ್ಲಿ ಪ್ರಕಟವಾದ ಹೋಲಿಕೆಯಿಂದ ತಿಳಿದುಬಂದಿತು. ನಮ್ಮ ಶಿಶುಗಳಲ್ಲಿ ಸ್ನಾಯುವೂ ಒಳ ಅಂಗಗಳೂ ಸಣ್ಣವು. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅವರಷ್ಟೇ ಇದ್ದಿತು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1934ರಿಂದಲೇ ಹುಟ್ಟಿದ ಮಕ್ಕಳ ತೂಕ ಮತ್ತು ಅಳತೆಗಳನ್ನು ಎಚ್ಚರದಿಂದ ಬರೆದಿಟ್ಟಿದ್ದಿತು. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ ಅವರಲ್ಲಿ 517 ಮಂದಿಯನ್ನು ಹುಡುಕಿ ಪರೀಕ್ಷಿಸಲಾಯಿತು. ಹುಟ್ಟಿದಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚೆಂದು 1996ರ ವರದಿ ತಿಳಿಸಿತು. ಗರ್ಭದಲ್ಲಿ ಹಸಿದ ಶರೀರವು ಬರಗಾಲಕ್ಕೆಂದೇ ಸಿದ್ಧವಾಗಿ ಹುಟ್ಟುವುದು. ಮುಂದೆ ಅದಕ್ಕೆ ಸುಗ್ಗಿ ಎದುರಾದರೆ ತಾಳಿಕೊಳ್ಳಲಾರದು.

ಹಗೇವಿನ ಮಾತಿನಲ್ಲಿ ಹೇಳುವುದಾದರೆ, ನಮ್ಮವರಲ್ಲಿ ಅನೇಕರ ಹಗೇವು ಚಿಕ್ಕದು. ಚರ್ಮದಡಿಯಲ್ಲಿ ನಿರಪಾಯವಾಗಿ ಕೊಬ್ಬನ್ನು ಇರಿಸುವ ಎಡೆ ಬೇಗ ತುಂಬುವುದು. ಆಮೇಲಿನದು ಕರುಳುಗಳ ಸುತ್ತಲೂ ಯಕೃತ್ತಿನ ಒಳಗೂ ಸೇರುವುದು. ಆದುದರಿಂದಲೇ ಕೈಕಾಲುಗಳು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಹೆಚ್ಚು. ಭಾರತೀಯರ ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರನ್ನು ಮೀರಬಾರದೆಂದು ವೈದ್ಯರು ಹೇಳುವುದು ಈ ಕಾರಣದಿಂದಲೇ.

ಇನ್ನೊಂದು ವಿಚಿತ್ರವೂ ಉಂಟು. ತೀವ್ರವಾಗಿ ಪ್ರೋಟೀನು ಕೊರತೆಯಾದ ಮಕ್ಕಳಲ್ಲಿಯೂ ಯಕೃತ್ತು ಕೊಬ್ಬಿನಿಂದ ತುಂಬುವುದು. ಕೊಬ್ಬನ್ನು ಕಟ್ಟಿ ಹೊರಸಾಗಿಸಲು ಪ್ರೋಟೀನಿನ ಹೊದಿಕೆ ಬೇಕಷ್ಟೆ. ಅದೇ ಇಲ್ಲದೆ ಹೋದರೆ ಸರಕು ಮನೆಯಲ್ಲಿಯೇ ಉಳಿಯುವುದು. ಬರಿಯ ಅನ್ನದ ಹೊರೆ ಹೆಚ್ಚಾಗಿ, ಬೇಳೆಕಾಳುಗಳು ಕಡಿಮೆಯಾದ ಊಟವು ಯಕೃತ್ತಿಗೆ ಹಿತವಲ್ಲ. ಹೀಗೆ ಮಗುವಿನ ಹಸಿವೆಯೂ ವಯಸ್ಕನ ಬೊಜ್ಜೂ ಪರಸ್ಪರ ವಿರುದ್ಧವಾದ ಎರಡು ಸಂಗತಿಗಳಲ್ಲ. ಇಂದು ಬಾಣಂತಿಗೂ ಕೂಸಿಗೂ ಸರಿಯಾದ ಆಹಾರ ಕೊಡುವುದು ನಾಳಿನ ಯಕೃತ್ತನ್ನು ಕಾಯುವ ಮೊದಲ ಹೆಜ್ಜೆ.

ಸದ್ದಿಲ್ಲದೆ ಏರುವ ಮೆಟ್ಟಿಲುಗಳು

ಯಕೃತ್ತಿಗೆ ರೋಗ ಬಂದರೆ ಕಾಮಣಿಯಾಗಿ ಕಣ್ಣು ಹಳದಿಯಾಗುವುದೆಂದು ಜನರು ನಂಬಿರುವರು. ಕಣ್ಣು ಬೆಳ್ಳಗಿದ್ದರೆ ಯಕೃತ್ತು ಕ್ಷೇಮವೆಂದು ಸುಮ್ಮನಿರುವರು. ಮೇದೋಯಕೃತ್ತಿನ ಅಪಾಯವಿರುವುದು ಇಲ್ಲಿಯೇ. ಅದು ನೋಯುವುದಿಲ್ಲ, ಹಸಿವೆಯನ್ನು ಕೆಡಿಸುವುದಿಲ್ಲ, ಕಣ್ಣನ್ನು ಹಳದಿಗೊಳಿಸುವುದಿಲ್ಲ. ಹೆಚ್ಚೆಂದರೆ ಸ್ವಲ್ಪ ಆಯಾಸ, ಬಲಪಕ್ಕೆಯಲ್ಲಿ ಭಾರ. ಬೇರಾವುದೋ ಕಾರಣಕ್ಕೆ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಿದಾಗ ಆಕಸ್ಮಿಕವಾಗಿ ಕಾಣಿಸಿಕೊಳ್ಳುವುದೇ ಹೆಚ್ಚು.

ಮೊದಲ ಮೆಟ್ಟಿಲು ಬರಿಯ ಕೊಬ್ಬು. ಬಹುಮಂದಿ ಇಲ್ಲಿಯೇ ನಿಲ್ಲುವರು. ಕೆಲವರಲ್ಲಿ ಈ ಕೊಬ್ಬು ಜೀವಕೋಶಗಳನ್ನು ಕೆರಳಿಸಿ ಉರಿಯೂತವನ್ನು ಉಂಟುಮಾಡುವುದು. ಕುಡಿಯದವರ ಯಕೃತ್ತಿನಲ್ಲಿಯೂ ಕುಡುಕರದರಂತೆಯೇ ಗಾಸಿ ಇರಬಲ್ಲುದೆಂದು ಅಮೆರಿಕದ ಮೇಯೊ ಚಿಕಿತ್ಸಾಲಯದ ಯುರ್ಗೆನ್ ಲುಡ್ವಿಗ್ ಮತ್ತು ಅವರ ಸಂಗಡಿಗರು 1980ರಲ್ಲಿ 20 ರೋಗಿಗಳ ವರದಿಯಿಂದ ತೋರಿಸಿದರು. ಉರಿಯೂತ ಬಹುಕಾಲ ನಿಂತರೆ ಗಾಯ ಮಾಯ್ದ ಕಡೆ ಕಲೆ ಉಳಿಯುವಂತೆ ಯಕೃತ್ತಿನಲ್ಲಿ ನಾರು ಬೆಳೆಯುವುದು. ಇದಕ್ಕೆ ನಾಲ್ಕು ಹಂತಗಳು, ನಾಲ್ಕನೆಯದು ಸಿರೋಸಿಸ್. ಆಗ ಯಕೃತ್ತು ಗಂಟುಗಂಟಾಗಿ ಸುಕ್ಕುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿಯಾಗಬಹುದು, ಅರ್ಬುದವೂ ಹುಟ್ಟಬಹುದು. ಕಣ್ಣು ಹಳದಿಯಾಗುವುದು ಸಾಮಾನ್ಯವಾಗಿ ಈ ಕೊನೆಯ ಹಂತದಲ್ಲಿ. ಮದ್ಯಪಾನವೂ ಜೊತೆಗೂಡಿದರೆ ಈ ದಾರಿ ಇನ್ನೂ ಬೇಗ ಸವೆಯುವುದು.

ಸಮಾಧಾನದ ಸಂಗತಿಯೆಂದರೆ ಈ ಮೆಟ್ಟಿಲುಗಳ ನಡುವೆ ಬಹಳ ಕಾಲಾವಕಾಶವಿದೆ. ನಾರುಗಟ್ಟುವಿಕೆ ಒಂದು ಹಂತ ಏರಲು, ಬರಿಯ ಕೊಬ್ಬಿರುವವರಲ್ಲಿ ಸರಾಸರಿ 14 ವರ್ಷ, ಉರಿಯೂತವೂ ಇರುವವರಲ್ಲಿ 7 ವರ್ಷ ಹಿಡಿಯುವುದೆಂದು 2015ರ ಒಂದು ಸಮೀಕ್ಷೆ ಲೆಕ್ಕಹಾಕಿದೆ. ವಯಸ್ಸು, ರಕ್ತದಲ್ಲಿರುವ ಎರಡು ಕಿಣ್ವಗಳ ಪ್ರಮಾಣ, ಕಿರುಬಿಲ್ಲೆಗಳ ಸಂಖ್ಯೆ, ಇಷ್ಟರಿಂದಲೇ ವೈದ್ಯರು ನಾರು ಬೆಳೆದಿರುವ ಸಂಭವವನ್ನು ಅಂದಾಜು ಮಾಡಬಲ್ಲರು. ಭಾರತ ಸರ್ಕಾರವು 2021ರಲ್ಲಿ ಈ ರೋಗವನ್ನು ಮಧುಮೇಹ, ಹೃದ್ರೋಗಗಳೊಡನೆ ತನ್ನ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಮರಳುವ ದಾರಿ

ಯಕೃತ್ತಿನಷ್ಟು ಬೇಗ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಅಂಗ ಇನ್ನೊಂದಿಲ್ಲ. ಇಲಿಯ ಯಕೃತ್ತಿನ ಮೂರನೆಯ ಎರಡು ಭಾಗವನ್ನು ಕತ್ತರಿಸಿ ತೆಗೆದರೂ ಉಳಿದ ಭಾಗವು ಕೆಲವೇ ವಾರಗಳಲ್ಲಿ ಬೆಳೆದು ಮೊದಲಿನ ತೂಕಕ್ಕೆ ಬರುವುದೆಂದು 1931ರಲ್ಲಿ ಹಿಗ್ಗಿನ್ಸ್ ಮತ್ತು ಆಂಡರ್ಸನ್ ತೋರಿಸಿದರು. ಕೊಬ್ಬು ತುಂಬಿದ ಯಕೃತ್ತೂ ಹಾಗೆಯೇ. ಹೊರೆ ಇಳಿಸಿದರೆ ಚೇತರಿಸಿಕೊಳ್ಳುವುದು. ಕ್ಯೂಬಾದಲ್ಲಿ 293 ಮಂದಿ ರೋಗಿಗಳು ಒಂದು ವರ್ಷ ಆಹಾರವನ್ನು ಮಿತಗೊಳಿಸಿ ನಡಿಗೆಯನ್ನು ಹೆಚ್ಚಿಸಿದರು. ತಮ್ಮ ತೂಕದ ಹತ್ತನೆಯ ಒಂದು ಪಾಲನ್ನೋ ಅದಕ್ಕಿಂತ ಹೆಚ್ಚನ್ನೋ ಇಳಿಸಿದವರಲ್ಲಿ ನೂರಕ್ಕೆ 90 ಮಂದಿಗೆ ಉರಿಯೂತ ಮಾಯವಾಯಿತು; 45 ಮಂದಿಗೆ ನಾರು ಕೂಡ ಹಿಂದೆ ಸರಿಯಿತು. 2015ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಯಾವ ಔಷಧವೂ ಕಾರಣವಲ್ಲ. ಅಮೆರಿಕದಲ್ಲಿ ಈ ರೋಗಕ್ಕೆಂದೇ ಒಪ್ಪಿಗೆ ಪಡೆದ ಮೊದಲ ಔಷಧವು 2024ರಲ್ಲಿ ಬಂದಿತು. ಅದನ್ನೂ ಆಹಾರ ವ್ಯಾಯಾಮಗಳ ಜೊತೆಗೇ ಕೊಡತಕ್ಕದ್ದು.

ತೂಕವನ್ನು ಇಳಿಸಲು ಉಪವಾಸ ಬಿದ್ದು ಸೊರಗಬೇಕಾಗಿಲ್ಲ. ವಾರಕ್ಕೆ ಅರ್ಧ ಕಿಲೋಗ್ರಾಮಿನಂತೆ ನಿಧಾನವಾಗಿ ಇಳಿಸುವುದೇ ಕ್ಷೇಮ. ಯಕೃತ್ತನ್ನು ತೊಳೆಯುವುದಾಗಿ ಹೇಳಿ ಮಾರುವ ಚೂರ್ಣ ಕಷಾಯಗಳನ್ನು ನೆಚ್ಚಬಾರದು. ಅವುಗಳಲ್ಲಿ ಕೆಲವು ಯಕೃತ್ತನ್ನೇ ಕೆಡಿಸಿದ ಉದಾಹರಣೆಗಳುಂಟು. ನಮ್ಮ ಸೀಮೆಯ ಹಳೆಯ ಊಟದಲ್ಲಿಯೇ ಬೇಕಾದುದೆಲ್ಲ ಇದೆ: ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ, ಮೊಳಕೆ ಕಾಳು, ಮಜ್ಜಿಗೆ. ಆದರೆ ರೊಟ್ಟಿಯೂ ಪಿಷ್ಟವೇ. ನಾಲ್ಕು ರೊಟ್ಟಿಯ ಮೇಲೆ ತಟ್ಟೆ ತುಂಬ ಅನ್ನ ಬಡಿಸಿಕೊಂಡರೆ ಲೆಕ್ಕ ಮತ್ತೆ ತಪ್ಪುವುದು. ಶೇಂಗಾ ಹಿಂಡಿ ರುಚಿಗಿರಲಿ, ಹೊಟ್ಟೆ ತುಂಬಲು ಬೇಡ. ಚಹದ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದರೆ ನಾಲಿಗೆ ಬೇಗನೆ ಹೊಂದಿಕೊಳ್ಳುವುದು. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆದರೆ, ತೂಕ ಇಳಿಯುವ ಮೊದಲೇ ಯಕೃತ್ತಿನ ಕೊಬ್ಬು ಕರಗತೊಡಗುವುದು.

ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಒಬ್ಬರ ಎತ್ತರದಷ್ಟು ಉದ್ದವಾದ ದಾರವನ್ನು ತೆಗೆದುಕೊಂಡು ಎರಡಾಗಿ ಮಡಿಸಿರಿ. ಮಡಿಸಿದ ದಾರವು ಅವರ ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯನ್ನು ಪೂರ್ತಿ ಸುತ್ತಿ ಬರಬೇಕು. ಸಾಲದೆ ಹೋದರೆ ಒಳಗಿನ ಕೊಬ್ಬು ಹೆಚ್ಚಿರುವ ಸಂಭವವುಂಟು. ಅಂತಹವರು, ಅದರಲ್ಲಿಯೂ ಮಧುಮೇಹವಿದ್ದವರು, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಮೊದಲು ನಿಮ್ಮನ್ನು ಅಳೆದುಕೊಳ್ಳಿರಿ. ಆಮೇಲೆ ತಂದೆ ತಾಯಿಯರನ್ನು ಅಳೆಯಿರಿ. ಯಕೃತ್ತು ತಾನಾಗಿ ಕೂಗಿ ಹೇಳುವವರೆಗೆ ಕಾಯುವುದಕ್ಕಿಂತ, ಒಂದು ಮೊಳೆ ದಾರದಿಂದ ಅದರ ಯೋಗಕ್ಷೇಮವನ್ನು ವಿಚಾರಿಸುವುದು ಸುಲಭವಾದ ಕೆಲಸ.